ಇಪ್ಪತ್ತೊಂಬತ್ತನೇ ಪೆಟ್ಟಿಗೆಯ ಕಲ್ಲು

ಮಂಗಳವಾರ ಬೆಳಿಗ್ಗೆ ಇಪ್ಪತ್ತೊಂಬತ್ತನೇ ಪೆಟ್ಟಿಗೆಯ ಮುಚ್ಚಳ ತೆಗೆದರೆ ಒಳಗೆ ಚಟ್ನಿ ಅರೆಯುವ ಗುಂಡುಕಲ್ಲು ಮಲಗಿತ್ತು. ಹೇಳಿ ಮಾಡಿಸಿದ ಹಾಗೆ, ಆಚೀಚೆ ಒಂದು ಬೆರಳಿನ ಸಂದೂ ಇಲ್ಲದಂತೆ. ಒಂದು ತುದಿಗೆ ಅರಿಶಿನದ ಕಲೆ, ಇನ್ನೊಂದು ತುದಿಗೆ ಒಣಗಿ ಅಂಟಿದ ಕೊತ್ತಂಬರಿ ಸೊಪ್ಪಿನ ಚೂರು. ನನಗೆ ಐವತ್ತೆರಡು ವರ್ಷ. ಅದರಲ್ಲಿ ಇಪ್ಪತ್ತೆಂಟು ವರ್ಷ ಭೂವಿಜ್ಞಾನಿಯಾಗಿ ಕಲ್ಲು ನೋಡುವುದರಲ್ಲೇ ಕಳೆದಿದ್ದೇನೆ. ನೆಲ ಕೊರೆದು ತೆಗೆದ ಕಲ್ಲಿನ ಉರುಳೆ, ಅಂದರೆ ಕೋರ್, ಜೋಡಿಸಿಡುವ ಪೆಟ್ಟಿಗೆಯಲ್ಲಿ ಇಲಿ ಮರಿ ಹಾಕಿದ್ದು ನೋಡಿದ್ದೇನೆ, ಹಾವಿನ ಪೊರೆ ನೋಡಿದ್ದೇನೆ, ಒಮ್ಮೆ ಡ್ರಿಲ್ಲರ್ ಒಬ್ಬನ ಊಟದ ಡಬ್ಬಿಯನ್ನೂ ನೋಡಿದ್ದೇನೆ. ಕೊತ್ತಂಬರಿ ಚಟ್ನಿ ನೋಡಿದ್ದು ಅದೇ ಮೊದಲು.

ಆ ಜಾಗದಲ್ಲಿ ಏನಿರಬೇಕಿತ್ತು ಎಂದು ಹೇಳಿದರೆ ನನ್ನ ಹೊಟ್ಟೆ ಉರಿ ಅರ್ಥವಾದೀತು. ನಾವು ನೆಲ ಕೊರೆಯುತ್ತಿದ್ದ ಆ ಊರಿನ ಅಡಿಯಲ್ಲಿ, ಯಾವ ಕಾಲದಲ್ಲೋ, ಕರಗಿದ ಕಲ್ಲಿನ ರಸ ದೊಡ್ಡ ಹಂಡೆಯಲ್ಲಿ ನಿಂತಂತೆ ನಿಂತು ನಿಧಾನವಾಗಿ ಆರಿದೆ. ಆರುವಾಗ ಭಾರದ ಕಾಳುಗಳು ತಳಕ್ಕೆ, ಹಗುರದವು ಮೇಲಕ್ಕೆ. ಹೀಗೆ ಪದರದ ಮೇಲೆ ಪದರ. ಅದಕ್ಕೆ ನಾವು ಗ್ಯಾಬ್ರೋ ಎನ್ನುತ್ತೇವೆ. ಅಂಥ ಪದರಗಳ ನಡುವೆ ಎಲ್ಲೋ ಒಂದು ಕಡೆ, ಪುಣ್ಯವಿದ್ದರೆ, ಗೇಣುದ್ದ ದಪ್ಪದ ಕರಿಯ ಪದರವಿರುತ್ತದೆ. ಪ್ಲಾಟಿನಂ, ಪಲ್ಲಾಡಿಯಂ ಕೂತಿರುವುದು ಅದರಲ್ಲಿ. ಅದು ಅಲ್ಲಿದೆ ಎಂದು ಹನ್ನೊಂದು ವರ್ಷದಿಂದ ಹೇಳುತ್ತಾ ಬಂದವನು ನಾನೊಬ್ಬನೇ. ಏಳು ವರ್ಷ ಕಂಪನಿಯ ಬಾಗಿಲು ಕಾದೆ. ಆಮೇಲೆ ನಾಲ್ಕು ವರ್ಷ ಆ ಊರಿನಲ್ಲಿ ಹನ್ನೆರಡು ಕಡೆ ನೆಲ ಕೊರೆಸಿದೆ. ಹನ್ನೊಂದರಲ್ಲಿ ಸಿಕ್ಕಿದ್ದು ಬೂದು ಕಲ್ಲು, ಬೂದು ಕಲ್ಲು, ಮತ್ತೂ ಬೂದು ಕಲ್ಲು. ಹನ್ನೆರಡನೆಯದರಲ್ಲಿ, ಎಂಬತ್ತೇಳು ಮೀಟರ್ ಆಳದಲ್ಲಿ, ಇಪ್ಪತ್ತೆರಡು ಸೆಂಟಿಮೀಟರ್ ಉದ್ದದ, ಕಾಡಿಗೆಯಂತೆ ಕಪ್ಪಗಿನ ಒಂದು ತುಂಡು ಬಂತು. ಕೈಯಲ್ಲಿ ಹಿಡಿದರೆ ಮಣಿಕಟ್ಟು ಜಗ್ಗುವಷ್ಟು ಭಾರ. ನನ್ನ ಹನ್ನೊಂದು ವರ್ಷವೆಂದರೆ ಆ ತುಂಡು. ಅದರ ಅರ್ಧ ಅಂದೇ ನಾಲ್ಕು ಗಂಟೆಯ ಬಸ್ಸಿಗೆ ಲ್ಯಾಬಿಗೆ ಹೋಗಬೇಕಿತ್ತು. ಮರುದಿನ ಹೆಡ್ ಆಫೀಸಿನಿಂದ ಪುರಾಣಿಕರು ಬರುವವರಿದ್ದರು, ಕೆಲಸ ಮುಂದುವರಿಸಬೇಕೋ ಮುಚ್ಚಬೇಕೋ ಎಂದು ತೀರ್ಮಾನಿಸಲು. ಅಂಥ ಹೊತ್ತಿನಲ್ಲಿ ನನ್ನೆದುರು ಗುಂಡುಕಲ್ಲು.

"ಓಬಮ್ಮಾ!" ಎಂದು ಕೂಗಿದೆ.

ಓಬಮ್ಮ ನಮ್ಮ ಕೋರ್ ಶೆಡ್ಡಿನ ಉಸ್ತುವಾರಿ. ಐವತ್ತೈದು ದಾಟಿದ ಹೆಂಗಸು, ಎಡಗಾಲಿನ ಎರಡು ಬೆರಳಿಲ್ಲ, ಕುಂಟುತ್ತಾ ನಡೆಯುತ್ತಾಳೆ. ಪೆಟ್ಟಿಗೆಗಳನ್ನು ಅವಳಷ್ಟು ಅಚ್ಚುಕಟ್ಟಾಗಿ ಇಡುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಪೆಟ್ಟಿಗೆ ನೋಡಿದಳು, ನನ್ನ ಮುಖ ನೋಡಿದಳು.

"ನಾನೇ ಸಾರ್," ಎಂದಳು.

"ನೀನೇ ಅಂದ್ರೆ?"

"ನಾನೇ ತಗೊಂಡಿದ್ದು. ಖಾಲಿ ಬಿಟ್ಟಿಲ್ಲ, ನಮ್ಮನೇದು ಇಟ್ಟಿದೀನಿ. ಅಳತೆ ನೋಡೇ ಇಟ್ಟಿದೀನಿ. ನಮ್ಮವ್ವನ ಕಾಲದ್ದು ಸಾರ್ ಅದು, ಏನ್ ಕಮ್ಮಿ ಇಲ್ಲ."

ಅವಳ ದನಿಯಲ್ಲಿ ಕಳ್ಳತನದ ಸುಳಿವೇ ಇರಲಿಲ್ಲ. ಬದಲಾಗಿ, ಒಳ್ಳೆಯದನ್ನೇ ಕೊಟ್ಟಿದ್ದರೂ ನಾನು ಕೊಂಕು ತೆಗೆಯುತ್ತಿದ್ದೇನೆ ಎಂಬ ಬೇಸರವಿತ್ತು. ಆ ಊರಿನಲ್ಲಿ ಕಲ್ಲನ್ನು ಯಾರೂ ಕದಿಯುವುದಿಲ್ಲ. ಒಂದು ತೆಗೆದುಕೊಂಡರೆ ಒಂದು ಇಡುತ್ತಾರೆ, ಲೆಕ್ಕ ಚುಕ್ತಾ ಎನ್ನುತ್ತಾರೆ. ಇದನ್ನು ಪ್ಲಾಟಿನಂ ಹುಡುಕುವವನಿಗೆ ಹೇಳಿ ನೋಡಿ.

ಇಲ್ಲಿ ಆ ಊರಿನ ಸಂಗತಿ ಸ್ವಲ್ಪ ಹೇಳಲೇಬೇಕು. ಅಲ್ಲಿ ನೆಲ ಕೂರುತ್ತದೆ. ವಾರಕ್ಕೆ ಒಂದು ಸಲವೋ ಎರಡು ಸಲವೋ, ಇಂಥ ದಿನ ಇಂಥ ಗಳಿಗೆ ಎಂದಿಲ್ಲ, ಹಾಲು ಉಕ್ಕಿ ಬರುವಷ್ಟು ಹೊತ್ತು ನೆಲ ಹಿಟ್ಟಿನಂತೆ ಸಡಿಲವಾಗುತ್ತದೆ. ಭಾರದ್ದು ಕೆಳಗಿಳಿಯುತ್ತದೆ, ಹಗುರದ್ದು ಮೇಲುಳಿಯುತ್ತದೆ. ಆಮೇಲೆ ನೆಲ ಮತ್ತೆ ಗಟ್ಟಿಯಾಗುತ್ತದೆ, ಏನೂ ಆಗಿಯೇ ಇಲ್ಲವೆಂಬಂತೆ. ಮನುಷ್ಯರು ಬರಿಗೈಯಲ್ಲಿದ್ದರೆ ಒಂದು ಬೆರಳು ಇಳಿದು ನಿಲ್ಲುತ್ತಾರೆ. ಕೈಯಲ್ಲಿ ಕೊಡವೋ ಮೂಟೆಯೋ ಇದ್ದರೆ ಕಣಕಾಲಿನವರೆಗೆ ಹೋಗುತ್ತಾರೆ. ಹಾಗಾಗಿ ಊರಿನ ಮನೆಗಳೆಲ್ಲ ಮರದ ತೊಲೆಗಳ ಮೇಲೆ ತೆಪ್ಪದಂತೆ ಕೂತಿವೆ. ಒರಳು, ಬೀಸುಕಲ್ಲು, ಟ್ರಂಕು, ಸೈಕಲ್ಲು ಎಲ್ಲವೂ ಜಂತಿಯಿಂದ ಇಳಿಬಿಟ್ಟ ನೆಲುವಿನಲ್ಲಿ. ಬ್ಯಾಂಕಿನವರು ತಿಜೋರಿ ತಂದಿಟ್ಟ ವಾರಕ್ಕೇ ಶಾಖೆ ಮುಚ್ಚಿದರು. ಮೊಬೈಲ್ ಟವರನ್ನು ಮೂರು ಸಲ ನೆಟ್ಟರು, ಮೂರು ಸಲವೂ ಕೂತಿತು, ನಾಲ್ಕನೇ ಸಲ ಯಾರೂ ಬರಲಿಲ್ಲ. ನಮ್ಮ ಡ್ರಿಲ್ಲಿಂಗ್ ರಿಗ್ಗು ತೆಂಗಿನ ದಿಮ್ಮಿಗಳ ಮೇಲೆ ನಿಂತಿತ್ತು, ಕೋರ್ ಪೆಟ್ಟಿಗೆಗಳು ಹಗ್ಗದಲ್ಲಿ ನೇತಾಡುತ್ತಿದ್ದವು. ಯಾಕೆ ಹೀಗೆ ಎಂದು ಮೊದಲ ವರ್ಷ ಎಲ್ಲರನ್ನೂ ಕೇಳಿದೆ. "ಮತ್ತೆ ನಿಮ್ಮೂರಲ್ಲಿ ಕೂರಲ್ವಾ? ಯಾವಾಗ್ಲೂ ನಿಂತೇ ಇರುತ್ತಾ?" ಎಂದು ಅವರೇ ನನ್ನನ್ನು ಕನಿಕರದಿಂದ ಕೇಳಿದರು. ಕೇಳುವುದನ್ನು ಬಿಟ್ಟೆ.

ನೆಲ ಕೂರುವ ಮುನ್ಸೂಚನೆ ಕೊಡುವುದು ಕಲ್ಲು. ಪ್ರತಿ ಹೊಸ್ತಿಲ ಹೊರಗೆ, ಬರಿಮಣ್ಣಿನ ಮೇಲೆ, ದಾರ ಕಟ್ಟಿದ ಒಂದು ಭಾರದ ಕಲ್ಲು ಇಟ್ಟಿರುತ್ತಾರೆ. ದಾರದ ಇನ್ನೊಂದು ತುದಿಗೆ ಗಂಟೆ. ಕಲ್ಲು ಇಳಿಯಲು ಶುರುವಾದರೆ ಗಂಟೆ ಅಲ್ಲಾಡುತ್ತದೆ, ಮನೆಯವರು "ಎತ್ತಿ, ಎತ್ತಿ!" ಎಂದು ಕೂಗುತ್ತಾ ನೆಲದ ಮೇಲಿದ್ದದ್ದನ್ನೆಲ್ಲ ಎತ್ತುತ್ತಾರೆ. ಪುಟ್ಟ ಮಕ್ಕಳಿಗೆ ನೆಲ ಬಿಗಿಯುವ ಮೊದಲು ಕಾಲು ಕಿತ್ತುಕೊಳ್ಳಲು ತಿಳಿಯದು, ಕೈಗೆ ಸಿಕ್ಕಿದ್ದನ್ನೂ ಬಿಡುವುದಿಲ್ಲ, ಹಾಗಾಗಿ ಅವರನ್ನು ಅಟ್ಟಕ್ಕೇ ಹತ್ತಿಸುತ್ತಾರೆ. ಕಬ್ಬಿಣ, ಹಿತ್ತಾಳೆ, ಬೆಳ್ಳಿ ಈ ಕೆಲಸಕ್ಕೆ ಬರುವುದಿಲ್ಲ. ಬೆಂಕಿ ಕಂಡ ವಸ್ತು ಎಲ್ಲಕ್ಕಿಂತ ತಡವಾಗಿ ಇಳಿಯುತ್ತದೆ, ಆದರೆ ಒಮ್ಮೆ ಇಳಿಯತೊಡಗಿದರೆ ತಳ ಕಾಣುವವರೆಗೆ ನಿಲ್ಲುವುದಿಲ್ಲ. ಓಬಮ್ಮನ ಬೆರಳು ಹೋಗಿದ್ದು ಹಾಗೆಯೇ. ನಾಲ್ಕು ವರ್ಷದವಳಿದ್ದಾಗ ಯಾರೋ ನೆಂಟರು ಕಾಲಿಗೆ ಬೆಳ್ಳಿ ಚೈನು ಹಾಕಿದ್ದರು. ಇದಾವುದೂ ನಾನು ಓದಿದ ಯಾವ ಪುಸ್ತಕದಲ್ಲೂ ಇಲ್ಲ.

"ಎಲ್ಲಿ ಇಟ್ಟಿದೀಯ?" ಎಂದು ಕೇಳಿದೆ.

"ಅಂಗನವಾಡಿ ಹೊಸ್ತಿಲಿಗೆ," ಎಂದಳು ಓಬಮ್ಮ. "ಹೋದ ತಿಂಗಳು ಫೋಟೋ ತೆಗೆಯಕ್ಕೆ ಅಂತ ನೀವು ಅದನ್ನ ಬಿಸಿಲಲ್ಲಿ ನೆಲದ ಮೇಲೆ ಇಟ್ಟಿದ್ರಲ್ಲ, ಜ್ಞಾಪಕ ಇದೆಯಾ? ಆವತ್ತು ನೆಲ ಕೂತಾಗ ಊರಿನ ಕಲ್ಲೆಲ್ಲಾ ಸುಮ್ಮನಿದ್ವು ಸಾರ್, ಇದು ಇಳಿಯಕ್ಕೆ ಹತ್ತಿತ್ತು. ನಾನು ಎಳೆದು ತೆಗೆದೆ. ನಾಲ್ಕು ನಿಮಿಷ ಮುಂಚೆ! ನಮ್ಮ ಕಲ್ಲುಗಳು ಹೇಳೋದು ಒಂದೇ ನಿಮಿಷ. ಇಪ್ಪತ್ತಮೂರು ಮಕ್ಕಳು, ಇಬ್ಬರು ಹೆಂಗಸರು. ಒಂದು ನಿಮಿಷದಲ್ಲಿ ಎಷ್ಟು ಮಕ್ಕಳನ್ನ ಅಟ್ಟಕ್ಕೆ ಹತ್ತಿಸ್ತೀರಾ ನೀವು?"

"ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

"ಕೇಳಿದ್ರೆ ಕೊಡ್ತಿದ್ರಾ?"

ಕೊಡುತ್ತಿರಲಿಲ್ಲ. ಗುಂಡುಕಲ್ಲನ್ನು ಚೀಲಕ್ಕೆ ಹಾಕಿಕೊಂಡು ಅಂಗನವಾಡಿಯ ಕಡೆ ಹೊರಟೆ. ಶೆಡ್ಡಿನಿಂದ ಅದು ಅರ್ಧ ಕಿಲೋಮೀಟರ್ ದೂರ. ದಾರಿಯುದ್ದಕ್ಕೂ ಜನ "ಏನ್ ಕಲ್ಲು ಸಾರ್, ಕೈ ಖಾಲಿ ಇಟ್ಕೊಂಡು ಓಡಾಡಿ" ಎಂದು ಬುದ್ಧಿ ಹೇಳುತ್ತಿದ್ದರು. ನನಗೆ ಹೆತ್ತವರು ನಾಗಭೂಷಣ ಎಂದು ಹೆಸರಿಟ್ಟಿದ್ದರು. ಆ ಊರಿನಲ್ಲಿ ಅದನ್ನು ಬಳಸಿದವರು ಪೋಸ್ಟ್‌ಮ್ಯಾನ್ ಒಬ್ಬನೇ. ಉಳಿದವರಿಗೆಲ್ಲ ನಾನು ಕಲ್ಲು ಸಾರ್.

ಅಂಗನವಾಡಿ ಟೀಚರ್ ಜುಬೇದಾ ಬಾಗಿಲಲ್ಲೇ ನಿಂತಿದ್ದಳು. ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಸೊಂಟದಲ್ಲಿ ಒಂದು ಮಗು, ಕಾಲಿಗೆ ತೆಕ್ಕೆ ಬಿದ್ದ ಇನ್ನೊಂದು. ಹೊಸ್ತಿಲ ಹೊರಗೆ ಕೆಂಪು ದಾರ ಸುತ್ತಿಸಿಕೊಂಡು ನನ್ನ ಹನ್ನೊಂದು ವರ್ಷ ಬಿಸಿಲು ಕಾಯಿಸುತ್ತಿತ್ತು. ಅದಕ್ಕೆ ಕುಂಕುಮ ಬೇರೆ ಹಚ್ಚಿದ್ದರು. ಕುಂಕುಮ! ಲ್ಯಾಬಿಗೆ ಹೋಗುವ ಕಲ್ಲನ್ನು ನಾನು ಬರಿಗೈಯಲ್ಲಿ ಕೂಡ ಮುಟ್ಟಬಾರದು, ಉಂಗುರ ತಾಗಿ ಪರೀಕ್ಷೆ ಕೆಟ್ಟೀತು ಎಂದು.

"ಯಾರು ಇದಕ್ಕೆ ಕುಂಕುಮ ಹಚ್ಚಿದ್ದು?"

"ಮಕ್ಕಳ ತಾಯಂದಿರು ಸಾರ್. ಬೇಡ ಅಂದೆ, ಕೇಳಲಿಲ್ಲ," ಎಂದಳು ಜುಬೇದಾ. "ತಗೊಂಡು ಹೋಗಿ, ನಿಮ್ಮ ವಸ್ತು. ಓಬಕ್ಕ ಕೇಳಿ ತಂದಿದಾರೆ ಅಂದ್ಕೊಂಡಿದ್ದೆ. ಆದ್ರೆ ವಾಪಸ್ ಕೊಡ್ತೀರಾ?"

"ಅರ್ಧ ಕೊಡ್ತೀನಿ," ಎಂದೆ. ಹಾಗೆ ಹೇಳುವ ಯೋಚನೆ ನನಗಿರಲಿಲ್ಲ, ಬಾಯಿಗೆ ಬಂದುಬಿಟ್ಟಿತು. ಆಮೇಲೆ ನಮ್ಮ ಪದ್ಧತಿ ವಿವರಿಸಿದೆ. ಕೋರ್ ತುಂಡನ್ನು ಉದ್ದಕ್ಕೆ ಎರಡು ಸೀಳಾಗಿ ಕೊಯ್ಯುತ್ತೇವೆ. ಒಂದರ್ಧ ಲ್ಯಾಬಿನಲ್ಲಿ ಪುಡಿಯಾಗಿ ಹೋಗುತ್ತದೆ. ಇನ್ನೊಂದರ್ಧ ಸಾಕ್ಷಿಯಾಗಿ ಪೆಟ್ಟಿಗೆಯಲ್ಲೇ ಉಳಿಯಬೇಕು, ನಾಳೆ ಯಾರಾದರೂ ಅನುಮಾನಪಟ್ಟರೆ ತೋರಿಸಲು. ಅದಿಲ್ಲದಿದ್ದರೆ ಲ್ಯಾಬಿನ ಮಾತಿಗೆ ಕಿಮ್ಮತ್ತಿಲ್ಲ. "ನಾಳೆ ನಮ್ಮ ಸಾಹೇಬರು ಬಂದು ನೋಡಿ ಹೋಗಲಿ. ಆಮೇಲೆ ಉಳಿದರ್ಧ ಇಲ್ಲಿ ತಂದಿಡ್ತೀನಿ, ಆಗಾಗ ತೋರಿಸಕ್ಕೆ ತಗೊಂಡು ಹೋಗ್ತೀನಿ, ಅಷ್ಟೇ."

"ಅರ್ಧ ಕಲ್ಲು ಅರ್ಧ ಹೊತ್ತು ಮುಂಚೆ ಹೇಳುತ್ತೆ ಸಾರ್," ಎಂದಳು.

ಅಲ್ಲಿಗೆ ನನ್ನ ತಾಳ್ಮೆಯ ಕಟ್ಟೆ ಒಡೆಯಿತು. ಬಿಸಿಲಲ್ಲಿ ನಿಂತು ಸಾಂದ್ರತೆ ಎಂದರೇನು ಎಂದು ಕಾಲು ಗಂಟೆ ಪಾಠ ಮಾಡಿದೆ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು. ಕೊನೆಗೆ, "ಒಂದು ಅಚ್ಚು ಬೆಲ್ಲ ಅರ್ಧ ಮಾಡಿದ್ರೆ ಸಿಹಿ ಕಮ್ಮಿ ಆಗುತ್ತೇನಮ್ಮ?" ಎಂದು ಕೇಳಿದೆ.

"ಸಿಹಿ ಕಮ್ಮಿ ಆಗಲ್ಲ ಸಾರ್. ಪಾಯಸ ಕಮ್ಮಿ ಆಗುತ್ತೆ," ಎಂದಳು.

ಓದಿದವನ ಹತ್ತಿರ ವಾದಿಸಿ ಗೆಲ್ಲಬಹುದು, ಮಕ್ಕಳಿಗೆ ಪಾಠ ಹೇಳುವವರ ಹತ್ತಿರ ಆಗುವುದಿಲ್ಲ. ನಾನು ಬಗ್ಗಿ ದಾರ ಬಿಚ್ಚಿದೆ. ಕಪ್ಪು ಕಲ್ಲನ್ನು ಚೀಲಕ್ಕೆ ಹಾಕಿದೆ, ಅದರ ಜಾಗದಲ್ಲಿ ಓಬಮ್ಮನ ಗುಂಡುಕಲ್ಲಿಟ್ಟು ದಾರ ಕಟ್ಟಿದೆ. ಒಳಗಿಂದ ಒಂದು ಪುಟ್ಟ ಹುಡುಗಿ ಬಂದು ನೋಡುತ್ತಾ ನಿಂತಿತು. ಓಬಮ್ಮನ ಮಗಳ ಮಗಳು ಬಿಂದು, ಮೂರು ವರ್ಷದ್ದು. ಅಂದು ಹುಟ್ಟುಹಬ್ಬ ಎಂದು ಹೊಸ ಲಂಗ, ಆ ಸೆಖೆಯಲ್ಲೂ ಕಾಲಿಗೆ ಬಿಳಿ ಸಾಕ್ಸು. "ತಾತ, ನಮ್ಮ ಕರಿಯ ಎಲ್ಲಿಗ್ ಹೋಗ್ತಾನೆ?" ಎಂದಿತು. ಕಲ್ಲಿಗೆ ಹೆಸರನ್ನೂ ಇಟ್ಟಾಗಿತ್ತು. ನಾನು ಚೀಲ ಹೆಗಲಿಗೇರಿಸಿ ಬಂದುಬಿಟ್ಟೆ.

ಶೆಡ್ಡಿಗೆ ಬಂದು ಕುಂಕುಮ ತೊಳೆದು, ಒಣಗಿಸಿ, ತೂಕ ಬರೆದು, ಕೊಯ್ಯುವ ಮೆಷಿನ್ನಿಗೆ ಕೊಟ್ಟೆ. ನೀರು ಚಿಮ್ಮುತ್ತಾ, ಕಿವಿ ಕಿತ್ತುಹೋಗುವಂತೆ ಕಿರುಚುತ್ತಾ ಬ್ಲೇಡು ಹತ್ತು ನಿಮಿಷ ತಗೊಂಡಿತು. ಓಬಮ್ಮ ಆಚೆ ಮುಖ ತಿರುಗಿಸಿಕೊಂಡು ನಿಂತಿದ್ದಳು. ಎರಡು ಅರ್ಧ ಬಿಚ್ಚಿಕೊಂಡಾಗ ಒಳಮೈಯಲ್ಲಿ, ಪ್ಲಾಟಿನಂ ಇರುವಲ್ಲಿ ಜೊತೆಗೇ ಕಾಣುವ ಹಳದಿ ಚುಕ್ಕೆಗಳು ಮಿನುಗಿದವು. ಅದಿರು. ಬರಿಗಣ್ಣಿಗೆ ಕಾಣುವಷ್ಟು! ಎರಡೂ ಅರ್ಧಗಳನ್ನು ಬಿಸಿಲಿಗೆ ಹಿಡಿದು ಮೂರು ಸಲ ನೋಡಿದೆ. ಅದನ್ನು ಹೇಳಲು ನಾಚಿಕೆಯಿಲ್ಲ. ಹನ್ನೊಂದು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆಯುತ್ತಿದ್ದೇನೆ ಎಂದು ಹೆಂಡತಿಯಿಂದ ಹಿಡಿದು ಹೆಡ್ ಆಫೀಸಿನವರೆಗೆ ಎಲ್ಲರೂ ಹೇಳಿದ್ದರು. ಒಂದರ್ಧವನ್ನು ಬಟ್ಟೆಯಲ್ಲಿ ಸುತ್ತಿ, ಚೀಟಿ ಅಂಟಿಸಿ, ಹೆಗಲಚೀಲಕ್ಕೆ ಹಾಕಿಕೊಂಡೆ, ಬಸ್ಸಿಗೆ. ಇನ್ನೊಂದರ್ಧವನ್ನು ಫೋಟೋ ತೆಗೆಯಲು ಹೊರಗೆ ಬಿಸಿಲಿನಲ್ಲಿ ಇಟ್ಟೆ.

"ನೆಲದ ಮೇಲೆ ಇಡಬೇಡಿ ಸಾರ್," ಎಂದಳು ಓಬಮ್ಮ.

"ಎರಡು ನಿಮಿಷ ಕಣಮ್ಮ. ನೆರಳು ಬೀಳಬಾರದು."

ಕ್ಯಾಮೆರಾ ಕಣ್ಣಿಗೆ ಹಚ್ಚಿಕೊಂಡೆ. ಕಲ್ಲಿನ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟಿದ್ದೆ. ನೋಡುತ್ತಿದ್ದಂತೆ ಅಳತೆಪಟ್ಟಿ ಎತ್ತರವಾದಂತೆ ಕಂಡಿತು. ಕ್ಯಾಮೆರಾ ಸರಿಮಾಡಿಕೊಂಡೆ. ಅಳತೆಪಟ್ಟಿ ಇದ್ದಲ್ಲೇ ಇತ್ತು, ಕಲ್ಲು ಇಳಿಯುತ್ತಿತ್ತು.

ಓಬಮ್ಮ ನನಗಿಂತ ಮೊದಲು ನೋಡಿದ್ದಳು. ಅವಳು ಕಲ್ಲನ್ನು ಬಾಚಿ ಎಳೆದು ಮೇಜಿನ ಮೇಲೆ ಕುಕ್ಕಿದಳು. "ಅಂಗನವಾಡಿ! ಅವರಿಗೆ ಇನ್ನೂ ಗೊತ್ತಿಲ್ಲ. ಓಡಿ ಸಾರ್! ನನ್ನ ಕಾಲಲ್ಲಿ ಆಗಲ್ಲ, ನೀವು ಓಡಿ!"

ಓಡಿದೆ. ಶಾಲೆ ಬಿಟ್ಟ ಮೇಲೆ ನಾನು ಓಡಿದ್ದು ಅದೇ. ಹೊಟ್ಟೆ ಒಂದು ಕಡೆ, ಹೆಗಲಚೀಲ ಇನ್ನೊಂದು ಕಡೆ ಜಗ್ಗುತ್ತಿದ್ದವು. ನಾಲ್ಕು ನಿಮಿಷವಿದೆ, ನನಗೆ ಮೂರು ಸಾಕು, ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ನಾಲ್ಕು ವರ್ಷದಲ್ಲಿ ಒಮ್ಮೆಯೂ ಬಾಯಿಗೆ ತಂದುಕೊಳ್ಳದ ಆ ಕೂಗನ್ನು ಕೂಗಿದೆ. "ಎತ್ತಿ! ಎತ್ತಿ!" ಜನ ಬಾಗಿಲಿಗೆ ಬಂದು ತಮ್ಮ ತಮ್ಮ ಹೊಸ್ತಿಲ ಕಲ್ಲು ನೋಡಿಕೊಂಡರು. ಅವು ಅಲ್ಲಾಡಿರಲಿಲ್ಲ. "ಕಲ್ಲು ಸಾರಿಗೆ ಬಿಸಿಲು ತಗುಲಿದೆ" ಎಂದು ಯಾರೋ ಅಂದದ್ದು ಕೇಳಿಸಿತು. ಅವರಿಗೆ ಬೈಯಲು ಉಸಿರಿರಲಿಲ್ಲ, ಇಲ್ಲದಿದ್ದರೆ ಬೈಯುತ್ತಿದ್ದೆ.

ಅರ್ಧ ದಾರಿ ಕೂಡ ಆಗಿರಲಿಲ್ಲ, ಎರಡೂ ಬದಿಯ ಮನೆಗಳ ಗಂಟೆಗಳು ಒಟ್ಟಿಗೆ ಅಲ್ಲಾಡಿದವು. ನನಗೆ ನಂಬಲಾಗಲಿಲ್ಲ. ಕಲ್ಲು ಇಳಿದು ಇನ್ನೂ ಒಂದು ನಿಮಿಷವಾಗಿತ್ತಷ್ಟೆ. ನಾಲ್ಕು ನಿಮಿಷ ಮುಂಚೆ ಹೇಳುತ್ತಿದ್ದ ಕಲ್ಲು ಎರಡೇ ನಿಮಿಷ ಮುಂಚೆ ಹೇಳಿತ್ತು. ಪಾಯಸ ಕಮ್ಮಿಯಾಗಿತ್ತು.

ಇನ್ನೊಂದು ನಿಮಿಷಕ್ಕೆ ನೆಲ ಸಡಿಲವಾಯಿತು. ಊರಿನವರು ಹೊಸ್ತಿಲ ಮೇಲೆ ಬರಿಗೈಯಲ್ಲಿ ನಿಂತಿದ್ದರು. ನಾನು ಬೀದಿಯ ನಡುವೆ ಹೆಗಲಚೀಲ ಹೊತ್ತು ಕಣಕಾಲಿನವರೆಗೆ ಹೋದೆ. ಒಂದು ಕಾಲು ಕಿತ್ತರೆ ಇನ್ನೊಂದು ಮೊಣಕಾಲಿನವರೆಗೆ. ಚೀಲ ನನ್ನನ್ನು ಕೆಳಕ್ಕೆ ಜಗ್ಗುತ್ತಿತ್ತು. "ಕೈ ಖಾಲಿ ಮಾಡ್ಕೊಳಿ!" ಎಂದು ಎರಡೂ ಬದಿಯಿಂದ ಕೂಗುತ್ತಿದ್ದರು. ನಾನು ಯೋಚಿಸಿದೆ. ಅದನ್ನು ಬಚ್ಚಿಡುವುದಿಲ್ಲ. ಎರಡೋ ಮೂರೋ ಉಸಿರಿನಷ್ಟು ಹೊತ್ತು ಚೀಲದ ಪಟ್ಟಿ ಹಿಡಿದುಕೊಂಡೇ ನಿಂತಿದ್ದೆ. ಆಗ ಅಂಗನವಾಡಿಯ ಕಡೆಯಿಂದ ಮಕ್ಕಳು ಅಳುವುದು ಕೇಳಿಸಿತು. ಚೀಲ ಬಿಟ್ಟೆ. ಕಪ್ಪು ಕಲ್ಲು ಹೋದ ಸದ್ದೂ ಬರಲಿಲ್ಲ. ಕಾಲು ಹಗುರಾದವು, ಓಡಿದೆ.

ಜುಬೇದಾ ಮತ್ತು ಆಯಾ ಇಬ್ಬರೂ ಸೇರಿ ಇಪ್ಪತ್ತು ಮಕ್ಕಳನ್ನು ಅಟ್ಟಕ್ಕೆ ಹತ್ತಿಸಿದ್ದರು. ಇಬ್ಬರು ಕಿಟಕಿಯ ಸರಳಿಗೆ ತಾವೇ ಜೋತುಬಿದ್ದಿದ್ದರು. ಅಂಗಳದಲ್ಲಿ ಉಳಿದವಳು ಬಿಂದು. ಬರಿಗೈಯ ಮೂರು ವರ್ಷದ ಮಗು ಕಾಲುಬೆರಳಷ್ಟು ಕೂಡ ಇಳಿಯಬಾರದು. ಇವಳ ಬಲಗಾಲು ಬಿಳಿ ಸಾಕ್ಸಿನ ಸಮೇತ ನೆಲದೊಳಗೆ ಹೋಗುತ್ತಿತ್ತು. ಅಪ್ಪನ ಕಡೆಯ ಅಜ್ಜಿ ಪರ ಊರಿನವರು, ಹುಟ್ಟುಹಬ್ಬಕ್ಕೆಂದು ಬಲಗಾಲಿಗೆ ಒಂದು ಬೆಳ್ಳಿ ಕಾಲ್ಗೆಜ್ಜೆ ತಂದು ಹಾಕಿದ್ದರು. ಓಬಮ್ಮ ಕಂಡರೆ ಕಿತ್ತುಹಾಕುತ್ತಾಳೆಂದು ಮೇಲೆ ಸಾಕ್ಸು ತೊಡಿಸಿ ಮುಚ್ಚಿದ್ದರು. ನಾನು ಮೊಣಕಾಲೂರಿ ಮಣ್ಣಿಗೆ ಕೈ ತೂರಿಸಿದೆ. ಗೆಜ್ಜೆ ಸಿಕ್ಕಿತು, ಕೊಂಡಿ ಸಿಗಲಿಲ್ಲ. ಮಗು ನನ್ನ ಕೂದಲು ಹಿಡಿದು ಕಿರುಚುತ್ತಿತ್ತು. ಜುಬೇದಾ ಓಡಿ ಬಂದು ಅದರ ಸೊಂಟ ಹಿಡಿದಳು. ಅತ್ತ ನೆಲ ಬಿಗಿಯತೊಡಗಿತ್ತು, ಬೆರಳಿಗೆ ತಿಳಿಯುತ್ತಿತ್ತು, ನಾದಿದ ಹಿಟ್ಟು ಒಣಗುವ ಹಾಗೆ. ಏನನ್ನು ಎಳೆದೆನೋ ಏನನ್ನು ಮುರಿದೆನೋ, ಕಾಲು ಕಳಚಿ ಬಂತು. ಗೆಜ್ಜೆ, ಸಾಕ್ಸು, ಹಿಮ್ಮಡಿಯ ಚರ್ಮ ಒಂದಿಷ್ಟು ಕೆಳಗೆ ಉಳಿದವು. ಬೆರಳು ಐದೂ ಇದ್ದವು. ನಾನು ಎರಡು ಸಲ ಎಣಿಸಿದೆ.

ಓಬಮ್ಮ ಕುಂಟುತ್ತಾ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಮೊಮ್ಮಗಳ ಪಾದ ಹಿಡಿದು ನೋಡಿದಳು, ಎದೆಗೆ ಒತ್ತಿಕೊಂಡಳು. ನನ್ನನ್ನು ಬೈಯುತ್ತಾಳೆಂದು ಕಾದೆ. ಬೈದಿದ್ದರೆ ನಾನೂ ಬೈಯುತ್ತಿದ್ದೆ. ಗೆಜ್ಜೆ ಹಾಕಿದ ಅಜ್ಜಿಗೆ, ಕೇಳದೆ ಕಲ್ಲು ಒಯ್ದ ಓಬಮ್ಮನಿಗೆ, ನನ್ನ ಕೂಗು ಕೇಳಿ ನಕ್ಕ ಬೀದಿಯವರಿಗೆ, ಈ ದರಿದ್ರ ನೆಲಕ್ಕೆ. ಬಾಯಿ ತುಂಬ ಮಾತು ಕೂಡಿಟ್ಟುಕೊಂಡಿದ್ದೆ. ಅವಳು ಬೈಯಲಿಲ್ಲ.

"ಮುತ್ತು ಒಡೆದ್ರೆ ಹೋಯ್ತು ಸಾರ್," ಎಂದಳಷ್ಟೆ.

ಕಲ್ಲು ಇಡಿಯಾಗಿ ಹೊಸ್ತಿಲಲ್ಲೇ ಇದ್ದಿದ್ದರೆ ಅವರಿಗೆ ನಾಲ್ಕು ನಿಮಿಷ ಸಿಗುತ್ತಿತ್ತು. ನಾಲ್ಕು ನಿಮಿಷದಲ್ಲಿ ಜುಬೇದಾ ಇಪ್ಪತ್ತಮೂರಲ್ಲ, ಐವತ್ತು ಮಕ್ಕಳನ್ನು ಹತ್ತಿಸುತ್ತಿದ್ದಳು. ಇದನ್ನು ಯಾರೂ ನನಗೆ ಹೇಳಲಿಲ್ಲ. ಹೇಳುವ ಅಗತ್ಯ ಯಾರಿಗೂ ಕಾಣಲಿಲ್ಲ. ಸಂಜೆಯೇ ಹೋಗಿ ಉಳಿದರ್ಧವನ್ನು ಹೊಸ್ತಿಲ ಮಣ್ಣಿನ ಮೇಲಿಟ್ಟು, ಕೆಂಪು ದಾರ ಕಟ್ಟಿ ಬಂದೆ. ಜುಬೇದಾ ಒಂದು ಲೋಟ ಟೀ ಕೊಟ್ಟಳು, ನಾನು ಕುಡಿದೆ.

ಬುಧವಾರ ಪುರಾಣಿಕರು ಬಂದರು. ಜೀಪನ್ನು ಊರ ಹೊರಗೇ ನಿಲ್ಲಿಸಬೇಕಾಯಿತೆಂಬ ಸಿಟ್ಟು, ಕುರ್ಚಿಯ ಬದಲು ಉಯ್ಯಾಲೆ ಕೊಟ್ಟರೆಂಬ ಸಿಟ್ಟು. ಕೆಟ್ಟ ಮನುಷ್ಯರಲ್ಲ. ನನ್ನ ವರದಿಗಳನ್ನು ಪೂರ್ತಿ ಓದುತ್ತಿದ್ದವರು ಕಂಪನಿಯಲ್ಲಿ ಅವರೊಬ್ಬರೇ. "ಎಲ್ಲಿ, ತೋರಿಸಿ ನಿಮ್ಮ ಕರಿಯ ಪದರ" ಎಂದು ಕನ್ನಡಕ ಹಾಕಿಕೊಂಡರು. ನಾನೇ ಇಪ್ಪತ್ತೊಂಬತ್ತನೇ ಪೆಟ್ಟಿಗೆಯ ಮುಚ್ಚಳ ತೆಗೆದೆ.

ಒಳಗೆ ಗುಂಡುಕಲ್ಲು ಮಲಗಿತ್ತು. ಒಂದಿಷ್ಟು ಮಣ್ಣು ಮೆತ್ತಿದ್ದು ಬಿಟ್ಟರೆ ಅರಿಶಿನ, ಕೊತ್ತಂಬರಿ ಎಲ್ಲ ಹಾಗೇ ಇದ್ದವು. ಜಾಗ ಖಾಲಿ ಬಿಡಬಾರದೆಂದು ಓಬಮ್ಮ ಅಂಗನವಾಡಿಯಿಂದ ಮತ್ತೆ ತಂದಿಟ್ಟಿದ್ದಳು.

"ಇದೇನ್ರೀ ನಾಗಭೂಷಣ್?"

ನಡೆದದ್ದನ್ನೆಲ್ಲ ಹೇಳಿದೆ. ಅವರು ಉಯ್ಯಾಲೆಯನ್ನು ಕಾಲಿನಿಂದ ತಡೆದು ನಿಲ್ಲಿಸಿದರು. ಆಮೇಲೆ ಸಮಾಧಾನದಿಂದಲೇ ಹೇಳಿದರು. "ನೋಡಿ, ಮತ್ತೆ ಕೊರೆಸಕ್ಕೆ ಕಂಪನಿ ದುಡ್ಡು ಕೊಡಲ್ಲ, ಆದ್ರೂ ಒಂದು ದಾರಿ ಇದೆ. ಉಳಿದಿರೋ ಅರ್ಧವನ್ನ ಮತ್ತೆ ಎರಡು ಮಾಡಿ. ಕಾಲು ಭಾಗ ಲ್ಯಾಬಿಗೆ, ಕಾಲು ಭಾಗ ಪೆಟ್ಟಿಗೆಗೆ. ನಿಯಮದಲ್ಲಿ ಅವಕಾಶ ಇದೆ. ಬೇಕಾದ್ರೆ ಪೆಟ್ಟಿಗೇದನ್ನ ಆ ಮಕ್ಕಳ ಹತ್ತಿರವೇ ಇಡಿ, ನಾನು ಕಣ್ಣು ಮುಚ್ಕೋತೀನಿ."

"ಕಾಲು ಕಲ್ಲು ಒಂದೇ ನಿಮಿಷ ಮುಂಚೆ ಹೇಳುತ್ತೆ ಸಾರ್. ಅದಕ್ಕೆ ಈ ಗುಂಡುಕಲ್ಲೇ ಸಾಕು."

"ಒಂದು ನಿಮಿಷ ಹೆಚ್ಚುಕಮ್ಮಿಗೆ ಹನ್ನೊಂದು ವರ್ಷದ ಕೆಲಸ ಬಿಡ್ತೀರಾ?"

ನನಗೆ ರೇಗಿತು. ಅವರ ಮೇಲಲ್ಲ. ಮುಂಚಿನ ದಿನ ಅಂಗಳದಲ್ಲಿ ನಿಂತು ಬೆಲ್ಲದಚ್ಚಿನ ಮಾತಾಡಿದವನ ಮೇಲೆ. "ಸಾರ್, ನಿನ್ನೆ ನಾನೂ ಇದೇ ಲೆಕ್ಕ ಹಾಕಿದ್ದೆ," ಎಂದೆ. "ಆ ಮಗುವಿನ ಹಿಮ್ಮಡಿ ನೋಡಿ ಬನ್ನಿ. ಆಮೇಲೆ ಮೆಷಿನ್ ನೀವೇ ಚಾಲೂ ಮಾಡಿ, ನನ್ನ ಕೈಲಿ ಆಗಲ್ಲ."

ಅವರು ನೋಡಲು ಹೋಗಲಿಲ್ಲ. ಮೆಷಿನ್ನಿನ ಹತ್ತಿರವೂ ಹೋಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, ರಿಜಿಸ್ಟರ್ ತರಲು ಹೇಳಿದರು. ಹನ್ನೆರಡನೇ ರಂಧ್ರ, ಎಂಬತ್ತೇಳು ಮೀಟರ್, ಫಲಿತಾಂಶ ಇಲ್ಲ. ಶಿಬಿರ ತಿಂಗಳ ಕೊನೆಗೆ ಮುಚ್ಚತಕ್ಕದ್ದು. ಕೊನೆಯ ಕಾಲಮ್ಮಿಗೆ ಬಂದರು, ಉಳಿದರ್ಧ ಇರುವ ಸ್ಥಳ. "ಕಳೆದಿದೆ ಅಂತ ಬರೀರಿ," ಎಂದರು. "ಯಾರೂ ಕೇಳಲ್ಲ, ನಿಮಗೂ ಒಳ್ಳೇದು."

"ಕಳೆದಿಲ್ಲ ಸಾರ್," ಎಂದೆ. ನನ್ನ ದನಿ ನನಗೇ ಗಟ್ಟಿಯಾಗಿ ಕೇಳಿಸಿತು. ಪೆನ್ನು ತೆಗೆದುಕೊಂಡು ಆ ಕಾಲಮ್ಮಿನಲ್ಲಿ ಬರೆದೆ. *ಅಂಗನವಾಡಿ ಹೊಸ್ತಿಲು. ಬಳಕೆಯಲ್ಲಿದೆ.* ಪುರಾಣಿಕರು ಓದಿದರು, ಕೆಳಗೆ ಸಹಿ ಹಾಕಿದರು.

ತಿಂಗಳ ಕೊನೆಗೆ ಪೆಟ್ಟಿಗೆಗಳೆಲ್ಲ ಕಂಪನಿಯ ಗೋದಾಮಿಗೆ ಹೋದವು. ಇಪ್ಪತ್ತೊಂಬತ್ತನೆಯದರಲ್ಲಿ ಓಬಮ್ಮನ ತಾಯಿಯ ಗುಂಡುಕಲ್ಲು ಹಾಗೇ ಇದೆ. ತೆಗೆದುಕೋ ಎಂದರೆ ಅವಳು ಒಪ್ಪಲಿಲ್ಲ. ಒಂದು ತಗೊಂಡ ಮೇಲೆ ಒಂದು ಕೊಡಲೇಬೇಕಂತೆ. ಚಟ್ನಿಗೆ ಈಗ ಅವಳು ಪಕ್ಕದ ಮನೆಗೆ ಹೋಗುತ್ತಾಳೆ. ಬಸ್ಸು ಹತ್ತುವ ದಿನ ಬಿಂದುವೂ ಬಂದಿದ್ದಳು, ಹಿಮ್ಮಡಿಗೆ ಪಟ್ಟಿ ಕಟ್ಟಿಕೊಂಡು. "ತಾತ, ಕರಿಯ ಯಾಕೆ ಸಣ್ಣಗಾದ?" ಎಂದು ಕೇಳಿದಳು. ಓಬಮ್ಮ ಅವಳ ಬಾಯಿ ಮುಚ್ಚಲು ಹೋದಳು. ಬೇಡ ಎಂದು ತಡೆದು, "ನಾನೇ ಕೊಯ್ದೆ ಕಣಮ್ಮ" ಎಂದೆ.

ಜನ ನನ್ನನ್ನು ಕೇಳುತ್ತಾರೆ, ಪ್ಲಾಟಿನಂ ಸಿಕ್ಕಿತ್ತಂತಲ್ಲ, ಯಾಕೆ ಬಿಟ್ಟುಕೊಟ್ಟಿರಿ, ಎಂಥ ದೊಡ್ಡ ಮನಸ್ಸು ನಿಮ್ಮದು ಎಂದು. ಕೇಳಿದಾಗಲೆಲ್ಲ ಮೈ ಉರಿಯುತ್ತದೆ. ನಾನು ಏನನ್ನೂ ಬಿಟ್ಟುಕೊಡಲಿಲ್ಲ. ನಾನು ದಾರ ಬಿಚ್ಚುವ ಮೊದಲು ಆ ಹೊಸ್ತಿಲಿಗೆ ನಾಲ್ಕು ನಿಮಿಷವಿತ್ತು. ಎರಡು ನಿಮಿಷ ಉಳಿಸಿ ಬಂದಿದ್ದೇನೆ.